192 ಕಿಲೋಹರ್ಟ್ಸ್ ಸೌಂಡ್ ಕಾರ್ಡ್ ಅನಿವಾರ್ಯವೇ? ಒಂದು ಸ್ಪಷ್ಟನೆ

ಕಂಪ್ಯೂಟರಿನಿಂದ ಉತ್ತಮ ಧ್ವನಿ ಪಡೆಯಲು 192 ಕಿಲೋಹರ್ಟ್ಸ್‌ನ ದುಬಾರಿ ಸೌಂಡ್ ಕಾರ್ಡ್ ಬೇಕೇ ಬೇಕು ಎಂಬ ಸಂದೇಶವೊಂದು ಹರಿದಾಡುತ್ತಿದ್ದು, ಅದು ಸರಿಯಲ್ಲ. 192 ಕಿಲೋಹರ್ಟ್ಸ್ ಎಂಬುದು ಸ್ಯಾಂಪ್ಲಿಂಗ್ ದರ, ಅಂದರೆ ಧ್ವನಿಯನ್ನು ಸೆಕೆಂಡಿಗೆ ಎಷ್ಟು ಸಲ ಅಳೆಯಲಾಗುತ್ತದೆ ಎಂಬ ಲೆಕ್ಕ. ಈ ದರದ ಅರ್ಧದಷ್ಟರವರೆಗಿನ ಆವರ್ತನಗಳನ್ನು ಡಿಜಿಟಲ್ ಧ್ವನಿ ಹಿಡಿದಿಡಬಲ್ಲುದರಿಂದ, ಸಿ.ಡಿ.ಯ 44.1 ಕಿಲೋಹರ್ಟ್ಸ್ ದರವೇ ಮನುಷ್ಯನ ಕಿವಿಯ ಸುಮಾರು 20 ಕಿಲೋಹರ್ಟ್ಸ್ ಮಿತಿಗೆ ಸಾಲುತ್ತದೆ. ಸಿ.ಡಿ.ಯಲ್ಲಿ ಪ್ರತಿ ಅಳತೆಯನ್ನು ಬರೆದಿಡುವ 16 ಬಿಟ್‌ಗಳು ಕೊಡುವ, ಅತಿ ಮೆಲು ಸದ್ದಿನಿಂದ ಅತಿ ಜೋರು ಸದ್ದಿನವರೆಗಿನ ಸುಮಾರು 96 ಡೆಸಿಬಲ್ ವ್ಯಾಪ್ತಿಯೂ ಮನೆಯಲ್ಲಿ ಕೇಳುವುದಕ್ಕೆ ಧಾರಾಳ. ಹೆಡ್‌ಫೋನಿನಲ್ಲಿ ಕೇಳಿಬರುವ ಗುಂಯ್ ಸದ್ದಿಗೆ ಸಾಮಾನ್ಯವಾಗಿ ಕಾರಣ ಕಂಪ್ಯೂಟರಿನ ಒಳಗಿನ ವಿದ್ಯುತ್ ಅಡಚಣೆಯೇ ಹೊರತು ಕಡಿಮೆ ಸ್ಯಾಂಪ್ಲಿಂಗ್ ದರವಲ್ಲ; ಡಿಜಿಟಲ್ ಸಂಕೇತವನ್ನು ಅನಲಾಗ್‌ಗೆ ಬದಲಿಸುವ ಕೆಲಸವನ್ನು ಪೆಟ್ಟಿಗೆಯಿಂದ ಹೊರಗೆ ತರುವ ಪುಟ್ಟ ಯುಎಸ್‌ಬಿ ಅಡಾಪ್ಟರ್ ಹಲವು ಸಲ ಇದಕ್ಕೆ ಸಾಕಾಗುತ್ತದೆ. ಉಳಿದ ಹಣವನ್ನು ಒಳ್ಳೆಯ ಹೆಡ್‌ಫೋನಿಗೆ ವಿನಿಯೋಗಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಹಾಗೆಯೇ, ಧ್ವನಿಯ ಕೆಲವು ವಿವರಗಳನ್ನು ಬಿಟ್ಟು ಕುಗ್ಗಿಸಿದ 128 ಕೆಬಿಪಿಎಸ್ ಎಂಪಿ3 ಕಡತವನ್ನು, ವಿವರ ಕಳೆಯದೆ ಕುಗ್ಗಿಸುವ ಫ್ಲ್ಯಾಕ್ ರೂಪಕ್ಕೆ ಬದಲಿಸಿದರೂ ಕಳೆದುಹೋದ ವಿವರ ಮರಳಿ ಬರುವುದಿಲ್ಲ.