ಸತ್ಯಾಂಶ: ‘ಲಟಕ್’ ಅಂದರೆ ಮೂಳೆ ಕೂತಿತು ಅಂತಲ್ಲ

ಮೈಸೂರು ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ವಿಡಿಯೊ ಮತ್ತೆ ಮತ್ತೆ ಬರುತ್ತದೆ. ದಪ್ಪಗಿರುವವರ ಸೊಂಟದ ಮೂಳೆ ಭಾರಕ್ಕೆ ಜಾರಿರುತ್ತದೆ, ಕೈಯಿಂದ ಸೊಂಟ ತಿರುವಿ ಒಂದು ಸಲ ‘ಲಟಕ್’ ಅನಿಸಿದರೆ ಜಾಗಕ್ಕೆ ಕೂರುತ್ತದೆ ಅನ್ನೋದು ಅದರ ಸಾರ. ಇದು ಸರಿಯಲ್ಲ.

ಈಗಲೇ ಬೆರಳಿನ ನೆಟಿಗೆ ಮುರಿದು ನೋಡಿ. ಅದೇ ಬೆರಳಲ್ಲಿ ತಕ್ಷಣ ಇನ್ನೊಮ್ಮೆ ಸದ್ದು ಬರುವುದಿಲ್ಲ, ಸುಮಾರು 20 ನಿಮಿಷ ಕಾಯಬೇಕು. ಬೆರಳೇನೂ ಜಾರಿರಲಿಲ್ಲ, ಅಲ್ವಾ? ಅದು ಕೀಲಿನ ದ್ರವದಲ್ಲಿ ಏಳುವ ಗಾಳಿಗುಳ್ಳೆಯ ಸದ್ದು. ಸೊಂಟದ್ದೂ ಅದೇ.

ಹಾಗಂತ ಕೈಯಿಂದ ಮಾಡುವ ಚಿಕಿತ್ಸೆಯೇ ಸುಳ್ಳು ಅಂತಲ್ಲ. ಕಲಿತ ಫಿಸಿಯೋಥೆರಪಿಸ್ಟ್ ಮಾಡಿದರೆ ಕೆಲವರಿಗೆ ನೋವು ಸ್ವಲ್ಪ ಇಳಿಯುತ್ತದೆ. ಜೊತೆಗೆ ವ್ಯಾಯಾಮ ಬೇಕು. ಕುಕ್ಕರಹಳ್ಳಿ ಕೆರೆ ಸುತ್ತ ನಡೆದರೂ ಆಯಿತು. ತೂಕ ಜಾಸ್ತಿಯಿದ್ದರೆ ಸೊಂಟನೋವಿನ ಸಾಧ್ಯತೆ ಹೆಚ್ಚು, ನಿಜ. ಆದರೆ ತೆಳ್ಳಗಿರುವವರಿಗೂ ಬರುತ್ತದೆ.

ಕಳಿಸಿದವರು ಒಳ್ಳೇದಾಗಲಿ ಅಂತಲೇ ಕಳಿಸಿರುತ್ತಾರೆ. ನೀವು ಎರಡು ವಿಷಯ ನೋಡಿ: ಸೊಂಟ ತಿರುವುತ್ತಿರುವವರು ಏನು ಓದಿದ್ದಾರೆ? ತಿಂಗಳಾದ ಮೇಲೆ ಆ ರೋಗಿ ಹೇಗಿದ್ದಾರೆ ಅಂತ ತೋರಿಸಿದ್ದಾರಾ? ಸಾಮಾನ್ಯವಾಗಿ ವಿಡಿಯೊ ಸದ್ದಿಗೇ ಮುಗಿದಿರುತ್ತದೆ.

ಕಾಲಲ್ಲಿ ಬಲವಿಲ್ಲ, ಕೂರುವ ಜಾಗ ಜೋಮು ಹಿಡಿದಿದೆ, ಮೂತ್ರ ಹಿಡಿತಕ್ಕೆ ಸಿಗುತ್ತಿಲ್ಲ ಅನ್ನುವಂತಿದ್ದರೆ ಯಾರಿಂದಲೂ ಒತ್ತಿಸಿಕೊಳ್ಳಬೇಡಿ. ಆಗಲೇ ಆಸ್ಪತ್ರೆಗೆ ಹೊರಡಿ.