ಕ್ರಿಯಾಪದ ಕೊನೆಗೆ ಬಂದ ಮಾತ್ರಕ್ಕೆ ನೆಂಟಸ್ತಿಕೆಯೇ?

ಆಫ್ರಿಕಾದ ಒರೋಮೊ ಭಾಷೆಯನ್ನು ಜಪಾನಿಯೊಂದಿಗೆ ಹೋಲಿಸುವ ಲೇಖನವೊಂದನ್ನು ಓದಿದೆ. ಎರಡರಲ್ಲೂ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದರಿಂದ ಅವು ಒಂದೇ ಮೂಲದವಿರಬಹುದು ಎಂಬ ಅದರ ಲೇಖಕರ ಊಹೆ ಒಪ್ಪುವಂಥದ್ದಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ಭಾಷೆಗಳು ಅನುಸರಿಸುವ ಕ್ರಮವೇ ಅದು. ಹಾಗೆ ನೋಡಿದರೆ ಕನ್ನಡವನ್ನೂ ಆ ಕುಟುಂಬಕ್ಕೆ ಸೇರಿಸಬೇಕಾದೀತು!

ಹೋಲಿಕೆಗಳು ಇಲ್ಲವೆಂದಲ್ಲ. ಎರಡರಲ್ಲೂ ದೀರ್ಘಸ್ವರ, ಒತ್ತಕ್ಷರಗಳಿಂದ ಅರ್ಥವೇ ಬದಲಾಗುತ್ತದೆ. ಒರೋಮೊದಲ್ಲಿ ‘ಲಫ’ ಎಂದರೆ ನೆಲ, ‘ಲಾಫಾ’ ಎಂದರೆ ಮೃದು. ಜಪಾನಿಯಲ್ಲಿ ‘ಒಬಸನ್’ ಅತ್ತೆ ಅಥವಾ ಚಿಕ್ಕಮ್ಮ, ‘ಒಬಾಸನ್’ ಅಜ್ಜಿ.

ಆದರೆ ವ್ಯಾಕರಣದೊಳಗೆ ಇಳಿದರೆ ದಾರಿಗಳು ಬೇರೆ. ಇಥಿಯೋಪಿಯಾ, ಕೀನ್ಯಾಗಳ ಒರೋಮೊ ಕುಶಿಟಿಕ್ ಎಂಬ ಆಫ್ರಿಕಾದ ಭಾಷಾಶಾಖೆಗೆ ಸೇರಿದ್ದು. ಸೋಮಾಲಿ ಅದರ ನಿಜವಾದ ಬಂಧು. ಒರೋಮೊದಲ್ಲಿ ‘ಡುಫೆ’ ಎಂದರೆ ಬಂದನು, ‘ಡುಫ್ತೆ’ ಎಂದರೆ ಬಂದಳು. ಜಪಾನಿಯ ‘ಕಿತ’ ಯಾರು ಬಂದರೂ ಬದಲಾಗದು. ಒರೋಮೊದಲ್ಲಿ ವಿಶೇಷಣ ನಾಮಪದದ ನಂತರ ಬರುತ್ತದೆ, ಜಪಾನಿಯಲ್ಲಿ ಮೊದಲು. ನನಗೆ ಹೆಚ್ಚು ಸ್ವಾರಸ್ಯವೆನಿಸುವುದು ವಿಭಕ್ತಿ: ಒರೋಮೊದಲ್ಲಿ ಪ್ರತ್ಯಯ ಹತ್ತುವುದು ಕರ್ತೃವಿಗೆ, ಕರ್ಮ ಬರಿಗೈಯಲ್ಲಿ ನಿಲ್ಲುತ್ತದೆ. ಜಗತ್ತಿನಲ್ಲೇ ಅಪರೂಪವಾದ ಈ ಲಕ್ಷಣದ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇಲ್ಲ.

ಇನ್ನು ಲಿಪಿ. 1991ರಲ್ಲಿ ಒರೋಮೊ ‘ಕುಬೆ’ ಎಂಬ ಲ್ಯಾಟಿನ್ ಬರಹವನ್ನು ಅಧಿಕೃತವಾಗಿ ಒಪ್ಪಿಕೊಂಡಿತು. ಅದರಲ್ಲಿ ದೀರ್ಘಸ್ವರಕ್ಕೆ ಅಕ್ಷರವನ್ನು ಎರಡು ಸಲ ಬರೆದರಾಯಿತು.