ದುಡ್ಡು ಖಾಲಿಯಾದರೆ ಯುದ್ಧ ನಿಲ್ಲುತ್ತದೆಯೇ? ಒಂದು ಸ್ಪಷ್ಟನೆ

‘ನಿರ್ಬಂಧ ಹಾಕಿದರೆ ಸಾಕು, ರಷ್ಯಾದ ಖಜಾನೆ ಬರಿದಾಗಿ ಯುದ್ಧ ತಾನಾಗಿ ನಿಲ್ಲುತ್ತದೆ’ ಎಂಬ ಸಂದೇಶ ಹುಬ್ಬಳ್ಳಿಯ ನಮ್ಮ ಓಣಿಯ ವಾಟ್ಸಾಪ್ ಗ್ರೂಪಿನಲ್ಲಿ ಓಡಾಡುತ್ತಿದೆ. ಇದು ತಪ್ಪು.

ಯುಕ್ರೇನ್ ಮೇಲೆ ದಾಳಿ ಮಾಡಿದ್ದಕ್ಕೆ 2022ರಲ್ಲಿ ರಷ್ಯಾದ ಸುಮಾರು 300 ಬಿಲಿಯನ್ ಡಾಲರ್ ಮೀಸಲು ಹಣವನ್ನು ಪಶ್ಚಿಮದ ದೇಶಗಳು ತಡೆಹಿಡಿದದ್ದು ನಿಜ. ಆದರೆ ಅದರ ತೈಲ ಮಾರಾಟ ನಿಲ್ಲಲಿಲ್ಲ. ರಿಯಾಯಿತಿ ದರ ಸಿಕ್ಕಿದ್ದರಿಂದ ಭಾರತ, ಚೀನಾ ಜಾಸ್ತಿ ಕೊಂಡವು. ಹಾಗಂತ ಒತ್ತಡ ಸುಮ್ನೆ ಹೋಗಲಿಲ್ಲ. 2024ರ ಅಕ್ಟೋಬರ್‌ನಲ್ಲಿ ರಷ್ಯಾದ ಕೇಂದ್ರ ಬ್ಯಾಂಕಿನ ಬಡ್ಡಿ ದರ ಶೇ 21ಕ್ಕೇರಿತು. ಸೈನ್ಯಕ್ಕೆ ಸೇರುವವರಿಗೆ ದೊಡ್ಡ ಮೊತ್ತ ಕೊಡಬೇಕಾಯಿತು. ಯುದ್ಧ ಮಾತ್ರ ನಡೆದೇ ಇತ್ತು.

ಯುದ್ಧದ ಬಿಸಿ ನಮಗೂ ತಟ್ಟಿತ್ತು, ಅಲ್ವಾ? ಸೂರ್ಯಕಾಂತಿ ಎಣ್ಣೆ ಆಗ ಹೆಚ್ಚಾಗಿ ಬರುತ್ತಿದ್ದದ್ದು ಯುಕ್ರೇನ್‌ನಿಂದ. ದುರ್ಗದಬೈಲಿನ ಕಿರಾಣಿ ಅಂಗಡಿಯಲ್ಲಿ ಏರಿದ ದರ ಕೇಳಿದ ಅಜ್ಜಿಯೊಬ್ಬರು ಲೀಟರ್ ಪಾಕೀಟು ವಾಪಸ್ಸಿಟ್ಟು, ‘ಅರ್ಧಾ ಲೀಟರ್ ಕೊಡಪಾ’ ಅಂದದ್ದು ನನಗಿನ್ನೂ ನೆನಪಿದೆ. ವಾಟ್ಸಾಪ್‌ನ ಆ ತಪ್ಪು ಸಂದೇಶವನ್ನು ದಯವಿಟ್ಟು ಮುಂದೆ ಕಳಿಸಬೇಡಿ.